ಎರಡು ಬಿಳಿ

ಬೆಳಿಗ್ಗೆಯಿಂದ ಅದೇ ಒಂದು ಹಲ್ಲನ್ನು ಅವಳು ಕಿಟಕಿಯ ಬೆಳಕಿಗೆ ಒಯ್ದು ನೋಡುತ್ತಿರುವುದು ಇದು ನಾಲ್ಕನೆಯ ಸಲ. ಯಾರೋ ಐವತ್ತೆಂಟು ವರ್ಷದವರ ಮೇಲಿನ ಸಾಲಿನ ಮುಂದಿನ ಹಲ್ಲು. ಡಾಕ್ಟರ ಚೀಟಿಯಲ್ಲಿ ಬಣ್ಣದ ನಂಬರು ಇತ್ತು. ಆದರೆ ಬರೀ ನಂಬರನ್ನು ನಂಬಿ ಮಾಡಿದ ಹಲ್ಲು ಬಾಯಿಗೆ ಹೋದ ಮೇಲೆ ಪರರ ಮನೆಗೆ ಬಂದ ನೆಂಟನ ಹಾಗೆ ಬಿಗಿದುಕೊಂಡು ಕೂರುತ್ತದೆ ಎನ್ನುವುದನ್ನು ಹನ್ನೊಂದು ವರ್ಷದ ಕೆಲಸ ಅವಳಿಗೆ ಕಲಿಸಿತ್ತು. ಹಲ್ಲಿನ ಬಿಳಿ ಬಿಳಿಯಲ್ಲ. ಬುಡದಲ್ಲಿ ಜೇನಿನ ಛಾಯೆ, ನಡುವೆ ಹಳೆಯ ಕಾಗದದ ಬಣ್ಣ, ತುದಿಗೆ ಬರುವಾಗ ಲೋಟದ ನೀರಿಗೆ ಒಂದು ಹನಿ ಹಾಲು ಬಿದ್ದಂಥ ತೆಳು ನೀಲಿ. ಮೂರು ಕೂದಲಿನ ಬ್ರಶ್ಶಿನಿಂದ ಒಂದು ಸಣ್ಣ ಬಿರುಕನ್ನೂ ಬರೆಯಬೇಕು, ಪಕ್ಕದ ನಿಜವಾದ ಹಲ್ಲಿನಲ್ಲಿ ಇರುವುದರಿಂದ. ಆಮೇಲೆ ಯಾರೂ ಅದನ್ನು ಗುರುತಿಸಬಾರದು. ಕಟ್ಟಿಕೊಂಡ ಹೆಂಡತಿಗೂ ಯಾವುದು ಕಟ್ಟಿಸಿದ ಹಲ್ಲು ಎಂದು ತಿಳಿಯದಿದ್ದರೆ ಅವಳ ಕೆಲಸ ಗೆದ್ದಂತೆ. ಇಷ್ಟು ವರ್ಷ ಹೀಗೆ ಯಾರ ಕಣ್ಣಿಗೂ ಬೀಳದೆ ಗೆದ್ದವಳು ಈ ದಿನ ಸಂಜೆ ಐದಕ್ಕೆ ನೂರು ಜನರ ಮುಂದೆ ನಿಲ್ಲಬೇಕಿತ್ತು, ಅದೂ ಒಂದು ಬಿಳಿಯ ಕಾರಣಕ್ಕೇ.

‘ಇನ್ನೂ ಹೊರಡಲಿಲ್ವೇನಮ್ಮ?’ ಎಂದು ಹಲ್ಲಿನ ಲ್ಯಾಬಿನ ಯಜಮಾನರು ಬಾಗಿಲಲ್ಲೇ ನಿಂತು ಕೇಳಿದರು. ‘ಬಹುಮಾನ ತಗೊಳ್ಳೋಳು ಹಲ್ಲು ಹಿಡ್ಕೊಂಡು ನಿಂತಿದೀಯಲ್ಲ.’

‘ಇನ್ನೊಂದು ಸಲ ಓವನ್ನಿಗೆ ಹಾಕ್ಬೇಕು. ತುದಿ ಯಾಕೋ ಸರಿ ಬಂದಿಲ್ಲ.’

ಅವರು ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಹತ್ತಿರ ಹಿಡಿದು ನೋಡಿದರು. ‘ಅಚ್ಚುಕಟ್ಟಾಗಿದೆ’ ಎಂದರು. ಈ ಮನುಷ್ಯನ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ಬಂದದ್ದನ್ನು ಲ್ಯಾಬಿನಲ್ಲಿ ಯಾರೂ ಕೇಳಿಲ್ಲ. ಮೊದಲ ವರ್ಷ ಆ ಮಾತಿಗಾಗಿ ಅವಳು ಎಂಟು ತಿಂಗಳು ಕಾದಿದ್ದಳು. ಬಂದ ದಿನ ಮನೆಗೆ ಹೋಗಿ ಸಾಕಿದ ಸೋದರತ್ತೆಗೆ ಹೇಳಿ ಕುಣಿದಾಡಿದ್ದಳು. ಈಗ ಅದೇ ಮಾತು ಕಿವಿಗೆ ಬಿದ್ದದ್ದೇ ಕುತ್ತಿಗೆಯ ಹಿಂಭಾಗ ಬಿಸಿಯಾಯಿತು. ಯಾಕೆಂದರೆ ಚಿತ್ರಕಲೆಯ ಸಂಜೆ ಕ್ಲಾಸಿನಲ್ಲಿ ಮೇಷ್ಟ್ರು ಅದನ್ನು ಹೇಳುವ ರೀತಿಯೇ ಬೇರೆ. ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ನಡೆಯುತ್ತ, ಒಬ್ಬರಿಗೆ ‘ಥೂ, ಏನ್ ಗಲೀಜು! ಚೆನ್ನಾಗಿದೆ, ಮುಂದುವರಿಸಿ’ ಎಂದು ಬೆನ್ನು ತಟ್ಟುವರು, ಇನ್ನೊಬ್ಬರೊಂದಿಗೆ ಜಗಳವನ್ನೇ ಆಡುವರು. ಅವಳ ಹಿಂದೆ ಬಂದು ನಿಂತಾಗ ಮಾತ್ರ ಒಂದು ನಿಟ್ಟುಸಿರು ಬಿಟ್ಟು, ‘ಅಚ್ಚುಕಟ್ಟಾಗಿದೆ ಹಲ್ಲಕ್ಕ’ ಎಂದು ಮುಂದೆ ಹೋಗುವರು. ಆಸ್ಪತ್ರೆಯ ಹೊರಗೆ ಕಾದ ನೆಂಟರಿಗೆ ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿ ಅದು. ಹಲ್ಲಕ್ಕ ಎಂಬ ಹೆಸರನ್ನು ಕ್ಲಾಸಿನಲ್ಲಿ ಇಟ್ಟವರೂ ಅವರೇ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗದಿದ್ದರೆ ಹಲ್ಲು ಬಿಡಲೂ ಬರುವುದಿಲ್ಲವೇ ಎಂದು ಇನ್ನೊಂದು ಸಲ ನಗುತ್ತಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಡಿಲಲ್ಲಿದ್ದ ಚೀಲದಲ್ಲಿ ಬಹುಮಾನದ ಪತ್ರವಿತ್ತು. ತೆಗೆದು ನೋಡಬೇಕಾಗಿರಲಿಲ್ಲ, ಬಾಯಿಪಾಠವಾಗಿತ್ತು. ಸಂಜೆ ತರಗತಿಗಳ ವಾರ್ಷಿಕ ಪ್ರದರ್ಶನದಲ್ಲಿ ಮೊದಲನೆಯ ಸ್ಥಾನ, ಚಿತ್ರಕಲೆಯ ಹಗಲು ಶಾಲೆಯ ಎರಡನೆಯ ವರ್ಷಕ್ಕೆ ಪರೀಕ್ಷೆಯಿಲ್ಲದೆ ನೇರ ಪ್ರವೇಶ. ಆ ಪರೀಕ್ಷೆಯನ್ನು ಅವಳು ಎರಡು ಸಲ ಕಟ್ಟಿ ಎರಡು ಸಲವೂ ಬಿದ್ದಿದ್ದಳು. ಎರಡನೆಯ ಸಲ ಬಿದ್ದಾಗ ವಯಸ್ಸು ಇಪ್ಪತ್ತಾರು. ಈಗ ಮೂವತ್ನಾಲ್ಕು. ಇನ್ನು ಮೇಲೆ ಹಗಲು ಹೊತ್ತಿನಲ್ಲಿ ಚಿತ್ರ ಬರೆಯಬಹುದು, ಕೆಲಸ ಮುಗಿಸಿ ಸೋತ ಕಣ್ಣುಗಳಿಂದ ಅಲ್ಲ. ಪತ್ರದ ಕೊನೆಯ ಸಾಲು: ‘ದುಡಿಯುವ ಕೈಯನ್ನೇ ನುಂಗಿಹಾಕುವ ಆ ಒಂದು ಬಿಳಿಯ ಪಟ್ಟೆಯಲ್ಲಿರುವ ಧೈರ್ಯಕ್ಕಾಗಿ.’ ಶಾಲೆಯ ಆಫೀಸಿನಲ್ಲಿ ಪತ್ರ ಇಸಿದುಕೊಂಡು ಮೆಟ್ಟಿಲು ಇಳಿಯುವಷ್ಟು ಹೊತ್ತು ಅವಳಿಗೆ ಸಂತೋಷವಾಗಿತ್ತು. ಇದರಲ್ಲಿ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಸಾಧ್ಯವಿರಲಿಲ್ಲ. ಹತ್ತೊಂಬತ್ತು ಮೆಟ್ಟಿಲು, ಪೂರಾ ಸಂತೋಷ. ಕೆಳಗೆ ಇಳಿದ ಮೇಲೆ ನೆನಪಾಯಿತು, ಆ ಪಟ್ಟೆ ಎಳೆದವಳು ತಾನಲ್ಲ.

ಚಿತ್ರದಲ್ಲಿದ್ದವಳು ಅವಳ ಸೋದರತ್ತೆ. ತಾಯಿಯಿಲ್ಲದ ಮಗುವನ್ನು ತಮ್ಮನ ಕೈಯಿಂದ ಇಸಿದುಕೊಂಡು ಸಾಕಿದವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೇಳು ವರ್ಷದಿಂದ ಹಾಸಿಗೆಯ ಚಾದರ ಮಡಚುತ್ತ ಬಂದವಳು. ಇಸ್ತ್ರಿ ಯಂತ್ರದ ಉರುಳೆಗೆ ಒಮ್ಮೆ ಎಡಗೈಯ ತೋರುಬೆರಳು ಸಿಕ್ಕಿ, ಅಂದಿನಿಂದ ಅದು ಮಡಚುವುದಿಲ್ಲ. ಚಾದರದ ಮೂಲೆಯನ್ನು ಹೆಬ್ಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿದಾಗ ತೋರುಬೆರಳು ಒಂಟಿಯಾಗಿ, ಎಲ್ಲಿಗೋ ದಾರಿ ತೋರಿಸುವಂತೆ, ನೆಟ್ಟಗೆ ನಿಲ್ಲುತ್ತದೆ. ಬರೆಸಿಕೊಳ್ಳಲು ಕೂತ ಮೊದಲ ಭಾನುವಾರ ಅತ್ತೆ ಎಡಗೈಯನ್ನು ಚಾದರದ ಅಡಿಗೆ ತಳ್ಳಿದ್ದಳು. ‘ಮುಖ ಬರಿ, ಸಿಡುಕು ಮೋರೆ ಅಂತ ಜನ ಅಂದ್ರೂ ಪರವಾಗಿಲ್ಲ. ಆ ಕೈ ಬೇಡ ಕಣೇ.’ ‘ಅತ್ತೆ, ನಂಗೆ ಬೇಕಾಗಿರೋದೇ ಅದು.’ ‘ನಿಂಗೇನು, ಊರಿನವರ ಹುಳುಕು ಹಲ್ಲು ನೋಡಿ ನೋಡಿ ವಕ್ರವಾದದ್ದೇ ಚಂದ ಕಾಣತ್ತೆ.’ ಮೂರು ಭಾನುವಾರ ಹೀಗೆ ಎಳೆದಾಡಿ, ನಾಲ್ಕನೆಯ ಭಾನುವಾರ ಅತ್ತೆ ತಾನಾಗಿಯೇ ಕೈಯನ್ನು ಹೊರಗೆ ತೆಗೆದು ಚಾದರದ ಮೇಲೆ ಇಟ್ಟಳು. ಗೋಡೆಯನ್ನು ನೋಡುತ್ತ ಕೂತಳು. ಅಂದಿನಿಂದ ಹನ್ನೊಂದು ಸಂಜೆ ಬರೀ ಆ ಕೈಗೇ ಹೋಯಿತು. ಚಾದರದ ಬಿಳಿಗೆ ಅವಳು ಹಳದಿ ಮಣ್ಣಿನ ಬಣ್ಣವನ್ನೂ ಒಂದಿಷ್ಟು ಬೂದಿಬಣ್ಣವನ್ನೂ ಬೆರೆಸಿದ್ದಳು. ನೂರು ಸಲ ಒಗೆದ ಚಾದರದ ಬಿಳಿ ಅಂಗಡಿಯ ಬಿಳಿಯಲ್ಲ. ಅದು ಸರಿಯಾಗಿ ಬಂದ ಸಂಜೆ ಸ್ಟ್ಯಾಂಡಿನ ಮುಂದೆ ನಿಂತವಳಿಗೆ ಕಣ್ಣು ತುಂಬಿ ಬಂದಿತ್ತು.

ಬಣ್ಣ ಒಣಗಿ ಎರಡು ತಿಂಗಳಾದ ಮೇಲೆ, ಈಗ್ಗೆ ಮೂರು ವಾರದ ಹಿಂದೆ, ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವ ದಿನ ಬಂತು. ಮೇಷ್ಟ್ರು ಎಂದಿನಂತೆ ಹಿಂದೆ ಬಂದು ನಿಂತರು. ಅವಳು ಆ ಮಾತಿಗಾಗಿ ಬೆನ್ನು ಗಟ್ಟಿಮಾಡಿಕೊಂಡಳು. ಈ ಸಲ ಅದು ಬರಲಿಲ್ಲ. ‘ಎಲ್ಲಾ ಹೇಳ್ಬಿಟ್ಟಿದೀರಿ. ನೋಡೋನಿಗೆ ಏನು ಉಳ್ಸಿದೀರಿ? ಕೊಡಿ ಇಲ್ಲಿ’ ಎಂದು ಅವಳ ಕೈಯಲ್ಲಿದ್ದ ಅಗಲವಾದ ಬ್ರಶ್ಶನ್ನು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಂತೆ ತೆಗೆದುಕೊಂಡು, ಟ್ಯೂಬನ್ನು ಹಿಂಡಿ, ಬಂದ ಬಿಳಿಯನ್ನು ಬಂದ ಹಾಗೇ ಎತ್ತಿ, ಅತ್ತೆಯ ಮೊಣಕೈಯಿಂದ ಚಿತ್ರದ ಅಂಚಿನವರೆಗೆ ಒಂದೇ ಏಟಿಗೆ ಎಳೆದರು. ಅತ್ತೆಯ ಕೈ ಹೋಯಿತು. ‘ಈಗ ಉಸಿರಾಡ್ತಿದೆ ನೋಡಿ!’ ಸುತ್ತ ನೆರೆದವರು ಓಹೋ ಎಂದರು. ಆಗ ಅವಳ ಬಾಯಿಂದ ಬಂದ ಮಾತು, ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತ ಈ ಹೊತ್ತಿನಲ್ಲೂ ಮೈಮೇಲೆ ಇರುವೆ ಹರಿದಂತೆ ಹರಿಯುವ ಮಾತು: ‘ಥ್ಯಾಂಕ್ಸ್ ಸರ್.’ ಅಷ್ಟೇ ಆಗಿದ್ದರೆ ಹೆದರಿಕೆಯಿಂದ ಎನ್ನಬಹುದಿತ್ತು. ಆಮೇಲೆ ಸಣ್ಣ ಬ್ರಶ್ಶು ತೆಗೆದುಕೊಂಡು, ಕೆಳಗಿನ ಮೂಲೆಯಲ್ಲಿ, ಅಚ್ಚುಕಟ್ಟಾಗಿ, ತನ್ನ ಸಹಿಯನ್ನೂ ಹಾಕಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಬಲವಂತ ಮಾಡಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಪಟ್ಟೆ ಚೆನ್ನಾಗಿತ್ತು. ಅದು ಕೆಟ್ಟದಾಗಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಕಣ್ಣು ಒಮ್ಮೆಲೇ ಅದರ ಮೇಲೆ ಜಾರಿ ಚೌಕಟ್ಟಿನ ಹೊರಗೆ ಹೋಗಿಬಿಡುತ್ತಿತ್ತು, ಬಾಗಿಲು ತೆರೆದ ಹಾಗೆ. ಹನ್ನೊಂದು ಸಂಜೆಗಳಲ್ಲಿ ತಾನು ತೆರೆಯಲಾರದ ಬಾಗಿಲನ್ನು ಅವರು ಅರೆಕ್ಷಣದಲ್ಲಿ ಒದ್ದು ತೆರೆದಿದ್ದರು. ಹಾಗಾದರೆ ತನ್ನದು ಏನು? ಹಲ್ಲು ಮಾಡುವವಳ ತಾಳ್ಮೆ, ಬಣ್ಣ ಹೊಂದಿಸುವ ಚಾಕರಿ. ಲ್ಯಾಬಿನಿಂದ ಹೊರಹೋದ ಸಾವಿರಾರು ಹಲ್ಲುಗಳಲ್ಲಿ ಒಂದರ ಮೇಲಾದರೂ ತನ್ನ ಹೆಸರಿದೆಯೇ? ಅದಕ್ಕೆ ಎಂದಾದರೂ ಅತ್ತಿದ್ದೇನೆಯೇ? ಎಲ್ಲ ಮೇಷ್ಟ್ರುಗಳೂ ತಿದ್ದುತ್ತಾರೆ, ತಿದ್ದುವುದಕ್ಕೇ ಅಲ್ಲವೇ ಅವರಿರುವುದು. ಒಂದು ಪಟ್ಟೆಗೆ ಇಷ್ಟು ರಂಪವೇ? ಪಕ್ಕದ ಸೀಟಿನಲ್ಲಿದ್ದ ಹೆಂಗಸು ತನ್ನನ್ನೇ ನೋಡುತ್ತಿರುವುದು ತಿಳಿದು, ತುಟಿ ಅಲುಗಾಡುತ್ತಿತ್ತೋ ಏನೋ ಎಂದು ನಾಚಿ, ಚೀಲದಲ್ಲಿ ಏನನ್ನೋ ಹುಡುಕುವವಳಂತೆ ಕೈಯಾಡಿಸಿದಳು. ಇಳಿಯುವ ಸ್ಟಾಪು ಹಿಂದೆ ಹೋಗಿತ್ತು.

ಒಂದು ಸ್ಟಾಪು ಹಿಂದಕ್ಕೆ ನಡೆದು ಬೆವರಿಕೊಂಡು ಬಂದವಳನ್ನು ಪ್ರದರ್ಶನದ ಹಾಲಿನ ಬಾಗಿಲಲ್ಲಿ ಎದುರುಗೊಂಡವರು ಕಂಡಕ್ಟರು. ಬಸ್ ಕಂಪನಿಯಿಂದ ನಿವೃತ್ತರಾಗಿ, ಸಂಜೆ ಕ್ಲಾಸಿನಲ್ಲಿ ಅವಳ ಪಕ್ಕದ ಸ್ಟ್ಯಾಂಡಿನಲ್ಲಿ ನಿಂತು ಎರಡು ವರ್ಷದಿಂದ ಒಂದೇ ಸೇತುವೆಯನ್ನು ಬರೆಯುತ್ತಿರುವವರು. ಆ ದಿನ ಎಲ್ಲವನ್ನೂ ಕಣ್ಣಾರೆ ಕಂಡವರು.

‘ಏನು ಹಲ್ಲಕ್ಕ, ಮದುವೆ ಹೆಣ್ಣು ಹೀಗೆ ಬೆವರ್ಕೊಂಡು ಬರೋದಾ?’

‘ಅಣ್ಣ, ಒಂದು ಮಾತು. ಅವತ್ತು ನೀವೂ ಇದ್ರಿ. ಆ ಪಟ್ಟೆ ಎಳೆದದ್ದು ಯಾರು?’

ಅವರು ಆಚೆ ಈಚೆ ನೋಡಿದರು. ‘ಮೆತ್ತಗೆ ಮಾತಾಡಿ. ನೋಡಿ, ನಾನು ಮೂವತ್ತು ವರ್ಷ ಟಿಕೆಟ್ ಹರಿದಿದೀನಿ. ಹತ್ತಿದವರನ್ನ ಯಾರ ಹೆಗಲು ಹಿಡ್ಕೊಂಡು ಹತ್ತಿದ್ರಿ ಅಂತ ಒಂದಿನಾನೂ ಕೇಳಿಲ್ಲ. ಹತ್ತಿದ್ರಾ? ಮುಂದೆ ಹೋಗಿ, ಸೀಟಿದೆ, ಕೂತ್ಕೊಳ್ಳಿ.’

‘ಕೂತ್ರೆ ಚುಚ್ಚತ್ತೆ.’

‘ಎಲ್ಲಾ ಸೀಟೂ ಚುಚ್ಚತ್ತೆ ತಾಯಿ. ಸ್ವಲ್ಪ ದೂರ ಹೋದ್ಮೇಲೆ ಅಭ್ಯಾಸ ಆಗತ್ತೆ.’

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅವಳಿಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದರು. ಅವಳೂ ಹೂಂಗುಟ್ಟಿ ಒಳಗೆ ಹೋದಳು. ಬಹುಮಾನದ ಚಿತ್ರವನ್ನು ಎದುರು ಗೋಡೆಯ ನಡುವೆ, ಎರಡು ಬಿಳಿಯ ದೀಪಗಳ ಕೆಳಗೆ ತೂಗುಹಾಕಿದ್ದರು. ಪಕ್ಕದಲ್ಲಿ ಗಟ್ಟಿ ಕಾರ್ಡಿನ ಮೇಲೆ ಅವಳ ಹೆಸರು, ಅದರಡಿ ತೀರ್ಪುಗಾರರ ಅದೇ ಸಾಲು. ಕ್ಲಾಸಿನ ಮಂಕು ಬೆಳಕಿನಲ್ಲಿ ಅಷ್ಟಾಗಿ ಕಾಣದ್ದು ಈ ದೀಪದಲ್ಲಿ ಅವಳ ಕಣ್ಣಿಗೆ ಹೊಡೆಯಿತು. ಬಿಳಿ ಎರಡಿತ್ತು. ಅವಳ ಚಾದರ ಬೆಚ್ಚಗೆ, ಹಳತಾಗಿ, ಯಾರೋ ಮಲಗಿ ಎದ್ದದ್ದರ ಹಾಗಿತ್ತು. ಅದರ ಮೇಲೆ ಟ್ಯೂಬಿನ ಬಿಳಿ ತಣ್ಣಗೆ, ನೀಲಿ ಹೊಡೆಯುತ್ತ ಹೊಳೆಯುತ್ತಿತ್ತು. ಬೇರೆಯವರ ಬಾಯಿಗೆಂದು ಮಾಡಿದ ಹಲ್ಲನ್ನು ಅವಸರದಲ್ಲಿ ಇನ್ನೊಬ್ಬರ ಬಾಯಿಗೆ ಕೂರಿಸಿದ ಹಾಗಿತ್ತು. ಲ್ಯಾಬಿನಲ್ಲಾಗಿದ್ದರೆ ಮರುಮಾತಿಲ್ಲದೆ ವಾಪಸು ಕಳಿಸುತ್ತಿದ್ದ ಕೆಲಸ. ಜನ ಬಂದು ನಿಂತು, ತಲೆ ಓರೆಮಾಡಿ, ಕಾರ್ಡು ಓದಿ, ಮತ್ತೆ ಚಿತ್ರ ನೋಡಿ ‘ಆಹಾ, ಆ ಪಟ್ಟೆ’ ಎನ್ನುತ್ತಿದ್ದರು. ಎರಡು ಬಿಳಿ ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೆ ಮೊದಲ ಸಲ, ಭಯದ ಜೊತೆಗೆ, ಸಣ್ಣ ಉರಿಯಂಥ ಹೆಮ್ಮೆಯೂ ಆಯಿತು. ನನಗೆ ಕಾಣುತ್ತಿದೆಯಲ್ಲ. ಇಷ್ಟು ಜನರಲ್ಲಿ ನನಗೊಬ್ಬಳಿಗೆ.

‘ಎಲ್ಲೇ ನಾನು?’ ಎಂಬ ದನಿ ಕೇಳಿ ತಿರುಗಿದಳು. ಅತ್ತೆ ಕೆಲಸದ ಮೇಲಂಗಿಯಲ್ಲೇ ಬಂದಿದ್ದಳು. ಜೊತೆಗೆ ಚಾದರ ಮಡಚುವ ಯಾರನ್ನೂ ಕರೆದುಕೊಂಡು ಬರದಿದ್ದುದು ಪುಣ್ಯ. ವಾರದಿಂದ ಆಸ್ಪತ್ರೆಯಲ್ಲೆಲ್ಲ ‘ನನ್ನ ನೆಟ್ಟ ಬೆರಳನ್ನ ಗೋಡೆಗೆ ಹಾಕಿ ದೀಪ ಬಿಡ್ತಾರಂತೆ’ ಎಂದು ಡಂಗುರ ಹೊಡೆದಿದ್ದಳು. ಚೀಲದಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಚಿತ್ರದ ಮುಂದೆ ನಿಂತಳು. ‘ಮುಖ ನಂದೇ. ಅಬ್ಬಾ, ಇಷ್ಟು ಸಿಡುಕಾಗಿರ್ತೀನಾ?’ ಎಂದು ನಕ್ಕಳು. ಆಮೇಲೆ ಕಣ್ಣು ಕೆಳಗಿಳಿಯಿತು, ಪಟ್ಟೆಯುದ್ದಕ್ಕೂ ಅಂಚಿನವರೆಗೆ ಹೋಯಿತು, ಮತ್ತೆ ಮೊಣಕೈಗೆ ಬಂತು.

‘ಕೈ ಎಲ್ಲಿ ಹೋಯ್ತು ಪುಟ್ಟಿ?’

‘ಅತ್ತೆ, ಅದು...’

‘ಒಳ್ಳೇದೇ ಆಯ್ತು ಬಿಡು’ ಎಂದಳು ಅತ್ತೆ ಬೇಗಬೇಗ. ‘ನಾನೂ ಅದನ್ನೇ ಹೇಳಿದ್ದೆ ಅಲ್ವಾ? ನೋಡೋ ಅಂಥ ಕೈಯೇನು ಅದು. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ.’ ಹೇಳುತ್ತ ಹೇಳುತ್ತ, ತನಗೇ ತಿಳಿಯದಂತೆ, ಎಡಗೈಯನ್ನು ಚೀಲದ ಹಿಂದಕ್ಕೆ ಸರಿಸಿಕೊಂಡಳು.

ಆ ಸರಿಸಿಕೊಂಡದ್ದನ್ನು ಅವಳು ನೋಡಿದಳು. ನಾಲ್ಕು ಭಾನುವಾರ ಕಾದು ಹೊರಗೆ ಬರಿಸಿದ್ದ ಕೈ ಮತ್ತೆ ಒಳಗೆ ಹೋಗಿತ್ತು. ಇನ್ನು ಅದು ಬರುವುದಿಲ್ಲ.

ಅಷ್ಟರಲ್ಲಿ ಕುರ್ಚಿ ಎಳೆಯುವ ಸದ್ದು, ಮೈಕಿನ ಕಿರುಚು. ಮುಖ್ಯ ತೀರ್ಪುಗಾರರು ನರೆತ ತಲೆಯ, ಮೆಲುದನಿಯ ಮನುಷ್ಯ. ಅವಳನ್ನು ಕರೆದು ಚಿತ್ರದ ಪಕ್ಕ ನಿಲ್ಲಿಸಿಕೊಂಡು, ಪಟ್ಟೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಇಲ್ಲದಿರುವುದೇ ಇರುವುದಕ್ಕಿಂತ ಹೆಚ್ಚು ಎಂದರು, ಕೈ ಕಾಣದ್ದರಿಂದಲೇ ದುಡಿಮೆ ಕಾಣುತ್ತದೆ ಎಂದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕೊನೆಗೆ ತೀರ್ಪುಗಾರರು ಅವಳ ಕಡೆ ತಿರುಗಿ, ‘ಹೇಳಿ, ಅದನ್ನ ಎಳೆಯುವಾಗ ನಿಮಗೇನು ಅನ್ನಿಸ್ತು?’ ಎಂದು ಮೈಕು ಮುಂದೆ ಹಿಡಿದರು.

‘ನಾನು ಎಳೆದಿಲ್ಲ. ಮೇಷ್ಟ್ರು ಎಳೆದದ್ದು.’

ಯಾರೋ ನಕ್ಕರು. ಮೇಷ್ಟ್ರು ಕಣ್ಣು ತೆರೆದು, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ‘ನೋಡಿ, ಎಂಥ ವಿನಯ! ಎಲ್ಲಾ ಗುರುಗಳ ಕೃಪೆ ಅಂತಿದಾರೆ’ ಎಂದರು. ಇಡೀ ಹಾಲು ಚಪ್ಪಾಳೆ ತಟ್ಟಿತು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಸುಳ್ಳಿರಲಿಲ್ಲ. ಅವರಿಗೆ ನೆನಪೇ ಇರಲಿಲ್ಲ. ವರ್ಷಕ್ಕೆ ಇಪ್ಪತ್ತು ಮೂವತ್ತು ಜನರ ಕೈಯಿಂದ ಬ್ರಶ್ಶು ತೆಗೆದುಕೊಳ್ಳುವವರಿಗೆ ಯಾವುದೆಂದು ನೆನಪಿರಬೇಕು? ಮೂರು ವಾರ ಅವಳ ನಿದ್ದೆ ತಿಂದದ್ದು ಅವರಿಗೆ ಸೀನಿದಷ್ಟು ಸಲೀಸಾಗಿ ಬಂದು ಹೋಗಿತ್ತು. ಸತ್ಯ ಹೇಳಿದ್ದಾಯಿತು, ಸತ್ಯಕ್ಕೂ ಚಪ್ಪಾಳೆ ಬಿತ್ತು. ಇಲ್ಲಿಗೆ ಸುಮ್ಮನಾಗಬಹುದಿತ್ತು. ಹೇಳಿದ್ದೆನಲ್ಲ ಎಂದು ಜೀವಮಾನವಿಡೀ ಸಮಾಧಾನ ಹೇಳಿಕೊಳ್ಳಬಹುದಿತ್ತು. ಹಗಲು ಶಾಲೆ, ದೊಡ್ಡ ಕಿಟಕಿಗಳು, ಬೆಳಗಿನ ಬೆಳಕು.

‘ವಿನಯ ಅಲ್ಲ ಸರ್’ ಎಂದಳು. ಚಾದರವನ್ನೂ ಪಟ್ಟೆಯನ್ನೂ ಬೆರಳಿನಿಂದ ತೋರಿಸಿದಳು. ‘ಇಲ್ಲಿ ಬಿಳಿ ಎರಡಿದೆ. ಇದು ನಾನು ಬೆರೆಸಿದ್ದು. ಇದು ಟ್ಯೂಬಿಂದು. ಹತ್ರ ಬಂದು ನೋಡಿ.’

ತೀರ್ಪುಗಾರರು ಸೌಜನ್ಯದಿಂದಲೇ ಬಾಗಿ ನೋಡಿದರು. ‘ನನಗೆ ಒಂದೇ ಬಿಳಿ ಕಾಣ್ತಿದೆಯಮ್ಮ.’

ಅವಳು ಗೋಡೆಯಿಂದ ಆ ಗಟ್ಟಿ ಕಾರ್ಡನ್ನು ಕಿತ್ತುಕೊಂಡಳು. ಬೇಕೆಂದು ಆರಿಸಿದ್ದಲ್ಲ, ಕೈಗೆ ಸಿಕ್ಕಿದ್ದು ಅದು. ಅದರ ಅಂಚನ್ನು ಪಟ್ಟೆಯ ತುದಿಗೆ ಒತ್ತಿದಳು. ಮೂರು ವಾರದ ದಪ್ಪ ಎಣ್ಣೆಬಣ್ಣ ಮೇಲೆ ಮಾತ್ರ ಕೆನೆ ಕಟ್ಟಿತ್ತು, ಒಳಗೆ ಇನ್ನೂ ಹಸಿ. ಕೆನೆ ಒಡೆಯಿತು. ಯಾರೋ ಹಾ ಎಂದರು, ಕುರ್ಚಿಯೊಂದು ಹಿಂದಕ್ಕೆ ಬಿತ್ತು. ‘ಏನ್ರೀ ಮಾಡ್ತಿದೀರಾ! ತಲೆ ನೆಟ್ಟಗಿದೆಯಾ? ಚಿತ್ರ ಹಾಳಾಗತ್ತೆ!’ ಎಂದು ಮೇಷ್ಟ್ರು ಓಡಿಬಂದರು. ಅವಳು ನಿಲ್ಲಿಸಲಿಲ್ಲ. ಕಾರ್ಡನ್ನು ಒಂದೇ ಹದದಲ್ಲಿ, ಕೆಳಗಿನ ಒಣಗಿದ ಪದರಕ್ಕೆ ತಾಗದಷ್ಟು ಹಗುರಾಗಿ, ಅಂಚಿನಿಂದ ಮೊಣಕೈಯ ಕಡೆಗೆ ನೂಕಿದಳು. ಇದು ಅವಳಿಗೆ ಗೊತ್ತಿದ್ದ ಕೆಲಸ. ಕೂದಲೆಳೆಯಷ್ಟು ಮೇಣವನ್ನು ಹಲ್ಲಿಗೆ ನೋವಾಗದಂತೆ ಎತ್ತುವ ಕೈ ಅದು, ಅಚ್ಚುಕಟ್ಟಾದ ಕೈ. ನಾಚಿಕೆಯಾಗಲಿಲ್ಲ. ತಣ್ಣಗಿನ ಬಿಳಿ ಸುರುಳಿಸುರುಳಿಯಾಗಿ ಕಾರ್ಡಿನ ಮೇಲೆ ಕೂತು ಮೊದಲು ತೀರ್ಪುಗಾರರ ಸಾಲು ಮುಚ್ಚಿತು, ಆಮೇಲೆ ಅವಳ ಹೆಸರೂ ಮುಚ್ಚಿತು. ಅಡಿಯಿಂದ ಚಾದರದ ಮೂಲೆ ಬಂತು. ನಡುಬೆರಳು ಬಂತು. ಮಡಚದ ತೋರುಬೆರಳು, ಅಲ್ಲಲ್ಲಿ ಬಿಳಿ ಕಲೆಗಳನ್ನು ಮೆತ್ತಿಕೊಂಡು, ಬಂತು.

ಮೇಷ್ಟ್ರು ಅವಳ ತೋಳು ಹಿಡಿಯಲು ಚಾಚಿದ್ದ ಕೈ ಅರ್ಧದಲ್ಲೇ ನಿಂತಿತ್ತು. ಆ ಬೆರಳನ್ನು ನೋಡುತ್ತ ನೋಡುತ್ತ ಅವರ ಮುಖದಲ್ಲಿ ನೆನಪು ಏರಿಬಂದುದು ಅವಳಿಗೆ ಕಂಡಿತು. ‘ಓ’ ಎಂದರು, ಸಣ್ಣಗೆ. ಹಿಂದಿನಿಂದ ಕಂಡಕ್ಟರು ಗಂಟಲು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, ‘ನಿಜ ಸ್ವಾಮಿ, ನಾನು ನೋಡಿದೀನಿ. ನಾನೇ ಸಾಕ್ಷಿ’ ಎಂದರು.

ತೀರ್ಪುಗಾರರು ಬಹಳ ಹೊತ್ತು ಚಿತ್ರವನ್ನು ನೋಡಿದರು. ‘ನಾವು ಬಹುಮಾನ ಕೊಟ್ಟದ್ದು ಇದಕ್ಕಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ಪ್ರವೇಶ ಕೂಡ... ನಿಮಗೆ ಅರ್ಥ ಆಗತ್ತೆ ಅಂದ್ಕೋತೀನಿ.’

‘ಆಗತ್ತೆ ಸರ್. ಪರೀಕ್ಷೆ ಇನ್ನೊಂದು ಸಲ ಕಟ್ತೀನಿ. ಬಿದ್ರೆ ಮತ್ತೊಂದು ಸಲ.’ ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ‘ಮಂಗಳವಾರ ಕ್ಲಾಸಿಗೆ ಬರ್ತೀನಿ. ಬೈರಿ, ಕೇಳ್ತೀನಿ. ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಿ, ನೋಡ್ತೀನಿ. ಬ್ರಶ್ ಮಾತ್ರ ಕೊಡಲ್ಲ.’

ಅವರು ಏನೋ ಹೇಳಹೊರಟರು. ಆದರೆ ಅಷ್ಟರಲ್ಲಿ ಅತ್ತೆ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದಿದ್ದಳು. ಮೂಗು ಚಿತ್ರಕ್ಕೆ ತಾಗುವಷ್ಟು ಬಾಗಿ, ಗೋಡೆಯ ಮೇಲಿನ ತನ್ನ ಕೈಯನ್ನು ತಪಾಸಣೆ ಮಾಡಿದಳು.

‘ಬೆರಳೇನೋ ಸರಿ ಇದೆ ಕಣೇ’ ಎಂದಳು ಕೊನೆಗೆ. ‘ಹೆಬ್ಬೆರಳು ಉದ್ದ ಆಗಿದೆ.’

ಅವಳು ನೋಡಿದಳು. ಹೌದು, ಉದ್ದವಾಗಿತ್ತು. ಹನ್ನೊಂದು ಸಂಜೆಯೂ ಕಣ್ಣೆದುರಿಗೇ ಇದ್ದದ್ದು ಕಂಡಿರಲಿಲ್ಲ. ಯಾರಾದರೂ ತಪ್ಪು ತೋರಿಸಿದಾಗ ಎದೆಯಲ್ಲಾಗುವ ಕುಸಿತಕ್ಕಾಗಿ ಒಂದು ಕ್ಷಣ ಕಾದಳು. ಅದು ಬರಲಿಲ್ಲ. ತಪ್ಪು ತನ್ನದಾಗಿತ್ತು, ಮೊದಲಿನಿಂದ ಕೊನೆಯವರೆಗೆ.

‘ಎಷ್ಟು ಉದ್ದ? ಕೈ ಹಿಡಿ ಇಲ್ಲಿ.’

ಅತ್ತೆ ಒಮ್ಮೆ ಹಿಂದೆ ತಿರುಗಿ ಅಷ್ಟು ಜನರನ್ನು ನೋಡಿದಳು. ಆಮೇಲೆ ಚೀಲವನ್ನು ಕಂಡಕ್ಟರ ಕೈಗೆ ಕೊಟ್ಟು, ಎಡಗೈಯನ್ನು ಹೊರಗೆ ತೆಗೆದು, ಐದೂ ಬೆರಳು ಬಿಡಿಸಿ ಚಿತ್ರದ ಪಕ್ಕದ ಗೋಡೆಗೆ ಒತ್ತಿ ಹಿಡಿದಳು. ಅವಳು ಕಣ್ಣು ಕಿರಿದು ಮಾಡಿ ಅದನ್ನೂ ಇದನ್ನೂ ಅಳೆದಳು. ಮೇಷ್ಟ್ರ ನೆರಳು ಅಡ್ಡವಾಗಿ ಬೀಳುತ್ತಿತ್ತು.

‘ಸರ್,’ ಎಂದಳು, ತಿರುಗದೆ, ‘ಸ್ವಲ್ಪ ಪಕ್ಕಕ್ಕೆ ಬನ್ನಿ. ಬೆಳಕಿಗೆ ಅಡ್ಡ ನಿಂತಿದೀರಿ.’